ಜಪಾನಿನ ಹಸಿರು ಚಹಾ, ನಮ್ಮೂರಿನ ನೀರು

ಸಿಂಧನೂರಿನಲ್ಲಾಗಲಿ, ಲಿಂಗಸುಗೂರಿನಲ್ಲಾಗಲಿ, ಮಸ್ಕಿಯಲ್ಲಾಗಲಿ ಬಸ್ ನಿಲ್ದಾಣದ ಬಳಿಯ ಹೋಟೆಲಿಗೆ ಹೋಗಿ ಚಹಾ ಹೇಳಿದರೆ, ಪುಡಿ, ಸಕ್ಕರೆ, ಹಾಲು ಕೂಡಿಸಿ ಚೆನ್ನಾಗಿ ಕುದಿಸಿದ ಚಹಾ ಸಣ್ಣ ಲೋಟದಲ್ಲಿ ಬರುತ್ತದೆ. ಹಾಲು, ಸಕ್ಕರೆ, ಶುಂಠಿಗಳ ನಡುವೆ ನೀರಿನ ಗುಣ ನಮ್ಮ ನಾಲಿಗೆಗೆ ತಿಳಿಯುವುದೇ ಇಲ್ಲ. ಆದರೆ ಈಗ ಇದೇ ಊರುಗಳ ಕಿರಾಣಿ ಅಂಗಡಿಗಳಲ್ಲಿ ಹಸಿರು ಚಹಾದ ಪೊಟ್ಟಣಗಳೂ ಸಿಗುತ್ತವೆ. ತೂಕ ಇಳಿಸಬೇಕೆಂಬವರು, ಸಕ್ಕರೆ ಕಾಯಿಲೆಯವರು ಅದನ್ನು ಕೊಂಡು ಒಯ್ಯುತ್ತಾರೆ. ಪೊಟ್ಟಣದ ಮೇಲಿನ ಚಿತ್ರದಲ್ಲಿ ತಿಳಿ ಹಸಿರು ಬಣ್ಣದ ಪಾನೀಯ. ಮನೆಯಲ್ಲಿ ಕೊಳವೆ ಬಾವಿಯ ನೀರು ಕುದಿಸಿ ಮಾಡಿದರೆ ಕಂದು ಬಣ್ಣದ, ಒಗರಾದ, ಮೇಲೆ ತೆಳುವಾದ ಪೊರೆ ಕಟ್ಟಿದ ಪಾನೀಯ. ತಪ್ಪು ಯಾರದು? ಎಲೆಯದೋ, ಮಾಡಿದವರದೋ, ನೀರಿನದೋ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಮೂರೂ ಎದುರಾಗುತ್ತವೆ. ಕೊನೆಗೆ ಅದು ನಮ್ಮ ಮಕ್ಕಳ ಹಲ್ಲು ಮತ್ತು ಮೂಳೆಗಳ ಪ್ರಶ್ನೆಯೂ ಆಗುತ್ತದೆ. ಹಸಿರು ಚಹಾದ ಗುಣಮಟ್ಟವನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ ದೇಶ ಜಪಾನ್. ಆದ್ದರಿಂದ ಮೊದಲು ಅಲ್ಲಿಗೆ ಹೋಗೋಣ, ನಂತರ ನಮ್ಮ ನೀರಿನ ಕಡೆಗೆ ಮರಳೋಣ.

ಗಿಡ ಒಂದೇ, ಚಹಾ ಹಲವು

ಹಸಿರು ಚಹಾಕ್ಕೆ ಬೇರೆ ಗಿಡ, ನಾವು ಕುಡಿಯುವ ಕಪ್ಪು ಚಹಾಕ್ಕೆ ಬೇರೆ ಗಿಡ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಎರಡೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಪ್ರಭೇದದ ಎಲೆಗಳು. ಅಸ್ಸಾಮಿನಲ್ಲಿ ದೊಡ್ಡ ಎಲೆಯ ಬಗೆಯೂ ಚೀನಾ, ಜಪಾನ್‌ಗಳಲ್ಲಿ ಚಿಕ್ಕ ಎಲೆಯ ಬಗೆಯೂ ಹೆಚ್ಚು ಬೆಳೆಯುತ್ತವೆ, ಅಷ್ಟೇ. ನಿಜವಾದ ವ್ಯತ್ಯಾಸ ಹುಟ್ಟುವುದು ಎಲೆ ಕಿತ್ತ ಮೇಲೆ.

ಎಣ್ಣೆಗಾಯಿಗೆಂದು ಹೆಚ್ಚಿದ ಬದನೆಕಾಯಿಯನ್ನು ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ನೀವು ನೋಡಿರುತ್ತೀರಿ. ಕೋಶಗಳು ಒಡೆದಾಗ ಅವುಗಳೊಳಗಿನ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಪಾಲಿಫೀನಾಲ್‌ಗಳನ್ನು ಸೇರಿ, ಗಾಳಿಯ ಆಮ್ಲಜನಕದ ನೆರವಿನಿಂದ ಅವನ್ನು ಉತ್ಕರ್ಷಿಸುತ್ತದೆ. ಚಹಾ ಎಲೆಯಲ್ಲಿ ನಡೆಯುವುದೂ ಇದೇ. ಎಲೆಯನ್ನು ಜಜ್ಜಿ, ಉತ್ಕರ್ಷಣೆ ಪೂರ್ತಿಯಾಗಲು ಬಿಟ್ಟು ಒಣಗಿಸಿದರೆ ಕಪ್ಪು ಚಹಾ. ಕಿತ್ತ ಕೂಡಲೇ ಬಿಸಿ ತಾಗಿಸಿ ಕಿಣ್ವವನ್ನು ನಿಷ್ಕ್ರಿಯಗೊಳಿಸಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ. ಅದೇ ಹಸಿರು ಚಹಾ.

ಬಿಸಿ ತಾಗಿಸುವ ವಿಧಾನ ಎರಡು. ಚೀನಾದಲ್ಲಿ ಹೆಚ್ಚಾಗಿ ಕಾದ ಬಾಣಲೆಯಲ್ಲಿ ಹುರಿಯುತ್ತಾರೆ. ಜಪಾನಿನಲ್ಲಿ ಹೆಚ್ಚಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಬಾಣಲೆಯ ಚಹಾಕ್ಕೆ ಹುರಿದ ಕಾಳಿನ ಪರಿಮಳ ಬಂದರೆ, ಹಬೆಯ ಚಹಾಕ್ಕೆ ಹಸಿ ಸೊಪ್ಪಿನ ಪರಿಮಳ, ಕಡು ಹಸಿರು ಬಣ್ಣ. ಹಬೆಯಲ್ಲಿ ಬೇಯಿಸಿ, ಕೈಯಿಂದ ಉಜ್ಜಿ ಸೂಜಿಯಂತೆ ಹುರಿಗೊಳಿಸಿ ಒಣಗಿಸುವ ಕ್ರಮವನ್ನು 1738ರಲ್ಲಿ ಕ್ಯೋಟೋ ಬಳಿಯ ಉಜಿ ಪ್ರದೇಶದ ನಾಗಾತಾನಿ ಸೊಯೆನ್ ಎಂಬ ಬೆಳೆಗಾರ ರೂಪಿಸಿದನೆಂದು ಹೇಳುತ್ತಾರೆ. ಇಂದಿನ ‘ಸೆಂಚಾ’ ಎಂಬ ಸಾಮಾನ್ಯ ಜಪಾನಿ ಚಹಾದ ಮೂಲ ಅದು. ಈಗ ಆ ಕೆಲಸವನ್ನು ಯಂತ್ರಗಳು ಮಾಡುತ್ತವೆ.

ಎಲೆಯ ವಯಸ್ಸು: ಗುಣಮಟ್ಟದ ಮೊದಲ ಸೂತ್ರ

ಸಿಂಧನೂರಿನ ಅಕ್ಕಿ ವ್ಯಾಪಾರಿಗಳನ್ನು ಕೇಳಿದರೆ ಹಳೆಯ ಅಕ್ಕಿಗೆ ಬೆಲೆ ಹೆಚ್ಚು ಎನ್ನುತ್ತಾರೆ. ಚಹಾದ ಲೆಕ್ಕ ಇದಕ್ಕೆ ವಿರುದ್ಧ. ಹೊಸದಕ್ಕೇ ಬೆಲೆ. ಚಳಿಗಾಲದುದ್ದಕ್ಕೂ ಚಹಾ ಗಿಡ ಬೆಳವಣಿಗೆ ನಿಲ್ಲಿಸಿ ಬೇರಿನಲ್ಲಿ ಸಾರಜನಕದ ಸಂಯುಕ್ತಗಳನ್ನು ಕೂಡಿಡುತ್ತದೆ. ವಸಂತದಲ್ಲಿ ಬರುವ ಮೊದಲ ಚಿಗುರಿಗೆ ಆ ಸಂಗ್ರಹವೆಲ್ಲ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಈ ಮೊದಲ ಕೊಯ್ಲಿಗೆ ‘ಇಚಿಬಂಚಾ’ ಎಂದೂ ಹೊಸದಾಗಿ ಮಾರುಕಟ್ಟೆಗೆ ಬಂದಾಗ ‘ಶಿಂಚಾ’ ಎಂದೂ ಹೆಸರು. ಅವರ ಪಂಚಾಂಗದಲ್ಲಿ ವಸಂತಾರಂಭದಿಂದ ಎಣಿಸಿದ 88ನೆಯ ದಿನ, ಅಂದರೆ ಮೇ 2ರ ಸುಮಾರು, ಚಹಾ ಕೀಳಲು ಪ್ರಶಸ್ತವೆಂಬ ನಂಬಿಕೆ ಇದೆ. ಜೂನ್ ಹೊತ್ತಿಗೆ ಎರಡನೆಯ ಕೊಯ್ಲು, ಆಮೇಲೆ ಬೇಸಿಗೆ ಮತ್ತು ಶರತ್ಕಾಲದ ಕೊಯ್ಲುಗಳು. ಕೊಯ್ಲು ತಡವಾದಷ್ಟೂ ಅಮೈನೋ ಆಮ್ಲ ಕಡಿಮೆಯಾಗಿ, ಎಲೆ ಒರಟಾಗುತ್ತದೆ.

ತಡವಾದ, ಬಲಿತ ಎಲೆಗಳ ಚಹಾ ‘ಬಂಚಾ’. ಅದನ್ನು ಕೆಂಪಗೆ ಹುರಿದರೆ ‘ಹೋಜಿಚಾ’. ಸೆಂಚಾ ಅಥವಾ ಬಂಚಾಕ್ಕೆ ಹುರಿದ ಅಕ್ಕಿ ಬೆರೆಸಿದರೆ ‘ಗೆನ್‌ಮೈಚಾ’. ಇದರಲ್ಲಿ ಕೆಲವು ಅಕ್ಕಿಕಾಳು ಅರಳಿ ನಮ್ಮ ಮಂಡಾಳಿನಂತೆಯೇ ಬೆಳ್ಳಗೆ ಕಾಣುತ್ತವೆ. ಇವು ಕೀಳು ಚಹಾಗಳೆಂದಲ್ಲ, ದಿನನಿತ್ಯದ ಬಳಕೆಯವು. ಆದರೆ ಎಲೆಯ ವಯಸ್ಸು ಎಂಬ ಅಂಶವನ್ನು ನೆನಪಿನಲ್ಲಿಡಿ. ಮುಂದೆ ಫ್ಲೋರೈಡ್ ವಿಷಯ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ನೆರಳಿನ ರಸಾಯನಶಾಸ್ತ್ರ

ಹಸಿರು ಚಹಾದ ರುಚಿ ಮುಖ್ಯವಾಗಿ ಮೂರು ಬಗೆಯ ಸಂಯುಕ್ತಗಳ ಸಮತೋಲನ. ಕ್ಯಾಟೆಚಿನ್‌ಗಳು ಒಗರು ಮತ್ತು ಕಹಿ ಕೊಡುತ್ತವೆ. ಕೆಫೀನ್ ಕಹಿ ಕೊಡುತ್ತದೆ, ಎಚ್ಚರವನ್ನೂ ತರುತ್ತದೆ. ಥಿಯನೀನ್ ಮತ್ತು ಗ್ಲುಟಾಮಿಕ್ ಆಮ್ಲದಂಥ ಅಮೈನೋ ಆಮ್ಲಗಳು ಸಿಹಿ ಬೆರೆತ, ಬೇಳೆಕಟ್ಟಿನಂಥ ರುಚಿ ಕೊಡುತ್ತವೆ. ಜಪಾನಿಯರು ‘ಉಮಾಮಿ’ ಎನ್ನುವುದು ಇದನ್ನೇ. ಟೋಕಿಯೊದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ 1908ರಲ್ಲಿ ಸಮುದ್ರ ಪಾಚಿಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ ಈ ರುಚಿಗೆ ಹೆಸರಿಟ್ಟರು. ಹಸಿರು ಚಹಾದಿಂದ ಕ್ಯಾಟೆಚಿನನ್ನು 1929ರಲ್ಲಿ ಬೇರ್ಪಡಿಸಿದವರು ಮಿಚಿಯೊ ತ್ಸುಜಿಮುರಾ. ಮುಂದೆ 1932ರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆಯೂ ಅವರೇ. ನಿಮ್ಮ ತರಗತಿಯ ಹುಡುಗಿಯರಿಗೆ ಈ ಹೆಸರನ್ನು ಹೇಳಿ.

ಥಿಯನೀನ್ ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಅದು ಎಲೆಗೆ ಏರುತ್ತದೆ. ಎಲೆಯ ಮೇಲೆ ಬಿಸಿಲು ಚೆನ್ನಾಗಿ ಬಿದ್ದರೆ ಥಿಯನೀನ್ ಒಡೆದು, ಅದರ ಒಂದು ಭಾಗ ಕ್ಯಾಟೆಚಿನ್‌ಗಳ ತಯಾರಿಕೆಗೆ ಬಳಕೆಯಾಗುತ್ತದೆ. ಅಂದರೆ ಬಿಸಿಲು ಹೆಚ್ಚಾದರೆ ಒಗರು ಹೆಚ್ಚು, ನೆರಳು ಹೆಚ್ಚಾದರೆ ಉಮಾಮಿ ಹೆಚ್ಚು. ಮಂದ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆ ಸಾಗಿಸಲು ಎಲೆ ಹೆಚ್ಚು ಪತ್ರಹರಿತ್ತನ್ನು ತುಂಬಿಕೊಳ್ಳುವುದರಿಂದ ಬಣ್ಣವೂ ಕಡು ಹಸಿರಾಗುತ್ತದೆ.

ಜಪಾನಿನ ಬೆಳೆಗಾರರು ಈ ರಸಾಯನ ಕ್ರಿಯೆ ತಿಳಿಯುವ ಎಷ್ಟೋ ಮೊದಲೇ ತೋಟಕ್ಕೆ ಜೊಂಡು ಮತ್ತು ಭತ್ತದ ಹುಲ್ಲಿನ ಚಪ್ಪರ ಹಾಕುವುದನ್ನು ಕಲಿತಿದ್ದರು. ಈಗ ಹೆಚ್ಚಿನ ಕಡೆ ನಮ್ಮ ಸಸಿಮಡಿಗಳಲ್ಲಿ ಕಟ್ಟುವಂಥ ನೆರಳು ಪರದೆಯೇ ಬಂದಿದೆ. ಕೊಯ್ಲಿಗೆ ಒಂದು ವಾರ, ಹತ್ತು ದಿನ ಮುಂಚೆ ಮುಚ್ಚಿದರೆ ‘ಕಬುಸೆಚಾ’. ಸುಮಾರು 20 ದಿನ ಮುಚ್ಚಿದರೆ ‘ಗ್ಯೊಕುರೊ’. ಅಷ್ಟೇ ದಿನ ಅಥವಾ ಇನ್ನೂ ಹೆಚ್ಚು ಮುಚ್ಚಿ, ಎಲೆಯನ್ನು ಹುರಿಗೊಳಿಸದೆ ಒಣಗಿಸಿ, ನರ ಮತ್ತು ಕಡ್ಡಿಗಳನ್ನು ತೆಗೆದರೆ ‘ತೆಂಚಾ’. ಅದನ್ನು ಕಲ್ಲಿನ ಬೀಸುಕಲ್ಲಿನಲ್ಲಿ ನುಣ್ಣಗೆ ಬೀಸಿದ ಪುಡಿಯೇ ಈಗ ಎಲ್ಲೆಡೆ ಕೇಳಿಬರುತ್ತಿರುವ ‘ಮಾಚಾ’. ಮಾಚಾದಲ್ಲಿ ಎಲೆಯನ್ನು ಸೋಸಿ ಎಸೆಯುವುದಿಲ್ಲ, ಪೂರ್ತಿ ಕುಡಿಯುತ್ತೇವೆ.

ಯಾವ ಊರಿನ ಚಹಾ?

ಪ್ರದೇಶದ ಹೆಸರುಗಳ ಹಿಂದೆ ಮಣ್ಣು, ಹವೆ, ಸಂಸ್ಕರಣೆಗಳ ಇತಿಹಾಸವಿದೆ. ಮುಖ್ಯವಾದ ಕೆಲವನ್ನು ನೋಡೋಣ.

ಶಿಜುವೊಕಾ: ಟೋಕಿಯೊಗೆ ನೈರುತ್ಯದಲ್ಲಿರುವ ಈ ಪ್ರಾಂತ ಬಹುಕಾಲ ಉತ್ಪಾದನೆಯಲ್ಲಿ ಮೊದಲ ಸ್ಥಾನದಲ್ಲಿತ್ತು. 1868ರ ರಾಜಕೀಯ ಬದಲಾವಣೆಯ ನಂತರ ಉದ್ಯೋಗ ಕಳೆದುಕೊಂಡ ಸಮುರಾಯಿಗಳು ಇಲ್ಲಿನ ಮಾಕಿನೊಹಾರಾ ಪ್ರಸ್ಥಭೂಮಿಯನ್ನು ಹಸನು ಮಾಡಿ ಚಹಾ ಬೆಳೆಸಿದರು. ಬಿಸಿಲು ಚೆನ್ನಾಗಿ ಬೀಳುವ ಆ ನೆಲದ ಎಲೆ ದಪ್ಪ, ಒಗರು ಹೆಚ್ಚು. ಅದನ್ನು ಮೃದುಗೊಳಿಸಲು ಸಾಮಾನ್ಯ ಸೆಂಚಾಕ್ಕಿಂತ ಎರಡು ಮೂರು ಪಟ್ಟು ಹೊತ್ತು ಹಬೆಯಲ್ಲಿಡುವ ‘ಫುಕಾಮುಶಿ’ ಕ್ರಮ ಬಂತು. ಎಲೆ ಪುಡಿಯಾಗಿ, ಪಾನೀಯ ಮಬ್ಬು ಹಸಿರಾಗಿ, ರುಚಿ ದಪ್ಪವಾಗಿ ಬರುತ್ತದೆ. ಜಪಾನಿನ ಚಹಾ ತೋಟಗಳ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿರುವ ‘ಯಾಬುಕಿತಾ’ ತಳಿಯೂ ಶಿಜುವೊಕಾದಲ್ಲೇ 1908ರಲ್ಲಿ ಆಯ್ಕೆಯಾದದ್ದು.

ಕಾಗೋಶಿಮಾ: ದಕ್ಷಿಣದ ಕ್ಯೂಶೂ ದ್ವೀಪದ ತುದಿ. ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು, ಬೆಚ್ಚನೆಯ ಹವೆ, ಸಮತಟ್ಟಾದ ಹೊಲ. ಏಪ್ರಿಲ್ ಆರಂಭದಲ್ಲೇ ಕೊಯ್ಲು ಶುರು. ಯಂತ್ರ ಓಡಿಸಲು ಅನುಕೂಲವಾದ ಈ ಪ್ರಾಂತ 2024ರಲ್ಲಿ ಶಿಜುವೊಕಾವನ್ನು ಮೊದಲ ಬಾರಿಗೆ ಹಿಂದಿಕ್ಕಿತು. ಅಂದಾಜು 27 ಸಾವಿರ ಟನ್ ಒಂದು ಕಡೆ, 25,800 ಟನ್ ಇನ್ನೊಂದು ಕಡೆ.

ಉಜಿ: ಕ್ಯೋಟೋ ಪ್ರಾಂತದ ಹಳೆಯ ಹೆಸರು. ಪ್ರಮಾಣ ಕಡಿಮೆ, ನೆರಳಿನ ಚಹಾಗಳಿಗೆ ಖ್ಯಾತಿ ಹೆಚ್ಚು. ಆದರೆ ‘ಉಜಿ ಚಹಾ’ ಎಂದು ಮಾರುವ ಎಲೆಯೆಲ್ಲ ಉಜಿಯಲ್ಲೇ ಬೆಳೆದಿರಬೇಕಿಲ್ಲ. ಕ್ಯೋಟೋ ಜೊತೆಗೆ ನೆರೆಯ ನಾರಾ, ಶಿಗಾ, ಮಿಯೆ ಪ್ರಾಂತಗಳ ಎಲೆಯನ್ನು ಕ್ಯೋಟೋದಲ್ಲಿ ಸಂಸ್ಕರಿಸಿದರೂ ಆ ಹೆಸರು ಸಲ್ಲುತ್ತದೆಂದು ಅಲ್ಲಿನ ವರ್ತಕರ ಸಂಘಟನೆಯೇ ನಿಯಮ ಮಾಡಿಕೊಂಡಿದೆ.

ಯಾಮೆ, ಉರೆಶಿನೊ: ಎರಡೂ ಕ್ಯೂಶೂ ದ್ವೀಪದವು. ಫುಕುವೊಕಾ ಪ್ರಾಂತದ ಯಾಮೆ ಗುಡ್ಡಗಾಡು, ಮಂಜು ಹೆಚ್ಚು. ಉತ್ತಮ ಗ್ಯೊಕುರೊಗೆ ಹೆಸರಾಗಿದೆ. ಸಾಗಾ ಪ್ರಾಂತದ ಉರೆಶಿನೊದಲ್ಲಿ ಚೀನಾದಿಂದ ಬಂದ ಬಾಣಲೆಯ ಕ್ರಮ ಈಗಲೂ ಅಲ್ಪ ಪ್ರಮಾಣದಲ್ಲಿ ಉಳಿದಿದೆ. ಅಲ್ಲಿನ ಎಲೆ ಸೂಜಿಯಂತಿರದೆ ಸುರುಳಿಯಾಗಿರುತ್ತದೆ.

ಇದರಿಂದ ತಿಳಿಯುವುದೇನು? ಪ್ರದೇಶದ ಹೆಸರು ಒಂದು ಸುಳಿವು ಮಾತ್ರ. ‘ಸೋನಾ ಮಸೂರಿ’ ಎಂದು ಚೀಲದ ಮೇಲೆ ಬರೆದ ಮಾತ್ರಕ್ಕೆ ಒಳಗಿನ ಅಕ್ಕಿಯ ಗುಣ ಖಚಿತವಾಗುವುದಿಲ್ಲವಲ್ಲ, ಹಾಗೆ. ಮಾಚಾ ಡಬ್ಬಿಗಳ ಮೇಲಿನ ‘ಸೆರೆಮೋನಿಯಲ್ ಗ್ರೇಡ್’ ಎಂಬ ಮಾತಿಗಂತೂ ಜಪಾನಿನಲ್ಲಿ ಯಾವ ಕಾನೂನಿನ ಮಾನದಂಡವೂ ಇಲ್ಲ. ಗುಣವನ್ನು ಎಲೆಯಲ್ಲೇ ಹುಡುಕಬೇಕು.

ಕಣ್ಣು, ಮೂಗು, ನಾಲಿಗೆಯ ಪರೀಕ್ಷೆ

ಒಣ ಎಲೆಯನ್ನು ಬಿಳಿ ಕಾಗದದ ಮೇಲೆ ಹರಡಿ. ಒಳ್ಳೆಯ ಸೆಂಚಾ ಹೊಳಪುಳ್ಳ ಕಡು ಹಸಿರು, ಬಿಗಿಯಾದ ಸೂಜಿಗಳಂತೆ ಕಾಣುತ್ತದೆ. ಹಳದಿ ಚೂರು, ಕಡ್ಡಿ, ದೂಳು ಹೆಚ್ಚಿದ್ದರೆ ತಡವಾದ ಕೊಯ್ಲು ಅಥವಾ ಉಳಿಕೆ. ಅಂಗೈಯಲ್ಲಿ ಹಿಡಿದು ಬಿಸಿಯುಸಿರು ಬಿಟ್ಟು ಮೂಸಿ: ಹಸಿ ಸೊಪ್ಪಿನ ಪರಿಮಳ ಬರಬೇಕು. ಒಣ ಹುಲ್ಲಿನ ಅಥವಾ ಹಳೆಯ ಎಣ್ಣೆಯ ವಾಸನೆ ಬಂದರೆ ಎಲೆ ಹಳತಾಗಿದೆ. ನೆನೆದ ಎಲೆಯನ್ನು ಬಿಡಿಸಿ ನೋಡಿ: ಎಳೆಯ ಚಿಗುರು ಮೆತ್ತಗೆ, ತೆಳುವಾಗಿ ಬಿಚ್ಚಿಕೊಳ್ಳುತ್ತದೆ, ಬಲಿತ ಎಲೆ ತೊಗಲಿನಂತೆ ಗಟ್ಟಿ. ಫುಕಾಮುಶಿ ಚಹಾದಲ್ಲಿ ಪುಡಿ ಇರುವುದು ದೋಷವಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ನಮ್ಮ ಭಾಗಕ್ಕೆ ಇನ್ನೊಂದು ಎಚ್ಚರಿಕೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಯಲ್ಲಿ ತಿಂಗಳುಗಟ್ಟಲೆ ಅಂಗಡಿಯಲ್ಲಿದ್ದ ಹಸಿರು ಚಹಾ ಬಣ್ಣವನ್ನೂ ಪರಿಮಳವನ್ನೂ ಕಳೆದುಕೊಳ್ಳುತ್ತದೆ. ಬೆಳಕು, ಗಾಳಿ, ತೇವ, ಬಿಸಿ ನಾಲ್ಕೂ ಅದಕ್ಕೆ ಶತ್ರುಗಳು. ತಯಾರಾದ ತಿಂಗಳು ನೋಡಿ, ಚಿಕ್ಕ ಪೊಟ್ಟಣ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಗ ಮುಗಿಸುವುದು ಲೇಸು.

ಮಾಡುವ ಕ್ರಮದಲ್ಲಿ ಮುಖ್ಯವಾದದ್ದು ಉಷ್ಣತೆ. ಅಮೈನೋ ಆಮ್ಲಗಳು ಕಡಿಮೆ ಬಿಸಿಯಲ್ಲೂ ಚೆನ್ನಾಗಿ ಕರಗುತ್ತವೆ. ಕ್ಯಾಟೆಚಿನ್ ಮತ್ತು ಕೆಫೀನ್ ಹೆಚ್ಚು ಬಿಸಿಯಲ್ಲಿ ಹೆಚ್ಚು ಇಳಿಯುತ್ತವೆ. ಆದ್ದರಿಂದ ಗ್ಯೊಕುರೊಗೆ 50ರಿಂದ 60 ಡಿಗ್ರಿ, ಸೆಂಚಾಕ್ಕೆ 70ರಿಂದ 80 ಡಿಗ್ರಿ ಸಾಕು. ಬಂಚಾ, ಹೋಜಿಚಾಗಳಿಗೆ ಕುದಿಯುವ ನೀರೇ ಸರಿ. ಹಾಲಿನ ಚಹಾದ ಅಭ್ಯಾಸದಿಂದ ಹಸಿರು ಚಹಾದ ಎಲೆಯನ್ನೂ ಒಲೆಯ ಮೇಲಿಟ್ಟು ಕುದಿಸುವುದೇ ಅದು ಕಹಿಯಾಗಲು ಮೊದಲ ಕಾರಣ.

ಎರಡನೆಯ ಕಾರಣ: ನೀರು

ಕಪ್ಪಿನಲ್ಲಿರುವ ಚಹಾದ ಶೇಕಡಾ 99ಕ್ಕೂ ಹೆಚ್ಚು ಭಾಗ ನೀರೇ. ಜಪಾನಿನ ನೀರು ಬಹುಮಟ್ಟಿಗೆ ಮೃದು. ಅಲ್ಲಿನ ನದಿಗಳು ಕಡಿದಾದ ಬೆಟ್ಟಗಳಿಂದ ಬೇಗ ಹರಿದು ಸಮುದ್ರ ಸೇರುವುದರಿಂದ ಖನಿಜಗಳು ಕರಗಲು ಹೆಚ್ಚು ಸಮಯವಿರುವುದಿಲ್ಲ. ಸೆಂಚಾ ರೂಪುಗೊಂಡದ್ದು ಅಂಥ ನೀರಿಗೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಸಿಂಧನೂರಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ಕಾಲುವೆ ತಲುಪದ ಕಡೆ, ಲಿಂಗಸುಗೂರು ಮತ್ತು ಮಸ್ಕಿಯ ಅನೇಕ ಹಳ್ಳಿಗಳಲ್ಲಿ, ಕೊಳವೆ ಬಾವಿಯೇ ಗತಿ. ಮಳೆ ಕಡಿಮೆ, ಆವಿಯಾಗುವಿಕೆ ಹೆಚ್ಚು ಇರುವ ಈ ಪ್ರದೇಶದಲ್ಲಿ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳನ್ನು ಕರಗಿಸಿಕೊಂಡಿರುತ್ತದೆ.

ಇಂಥ ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರೆ ಕುದಿಸಿದಾಗ ಪಿಎಚ್ ಏರುತ್ತದೆ. ಕ್ಷಾರೀಯ ದ್ರಾವಣದಲ್ಲಿ ಕ್ಯಾಟೆಚಿನ್‌ಗಳು ಸ್ಥಿರವಾಗಿರದೆ ತಾವಾಗಿಯೇ ಉತ್ಕರ್ಷಣೆಗೊಂಡು ಕಂದಾಗುತ್ತವೆ. ಹಬೆ ಕೊಟ್ಟು ಕಿಣ್ವವನ್ನು ಕೊಂದದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಈ ಕ್ರಿಯೆಗೆ ಕಿಣ್ವವೇ ಬೇಡ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಇದ್ದಾಗ ಉತ್ಕರ್ಷಿತ ಪಾಲಿಫೀನಾಲ್‌ಗಳು ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ಸೇರಿ ಮೇಲ್ಮೈಯಲ್ಲಿ ಪೊರೆ ಕಟ್ಟುತ್ತವೆ. ಚಹಾದ ಮೇಲೆ ತೇಲುವ, ಕಪ್ಪಿನ ಅಂಚಿಗೆ ಅಂಟುವ ಕಂದು ಗೆರೆ ಅದೇ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಎಲೆ ಚೆನ್ನಾಗಿದ್ದರೂ ನೀರು ಅದನ್ನು ಕೆಡಿಸಬಲ್ಲದು.

ಭಾರತೀಯ ಮಾನಕ ಬ್ಯೂರೊದ 2012ರ ಮಾನದಂಡದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ವರೆಗೆ ಇರಬಹುದು. ಬೇರೆ ನೀರು ಇಲ್ಲದಿದ್ದರೆ 600ರ ವರೆಗೆ. 300, 400ರ ನೀರು ಕುಡಿಯಲು ನಡೆಯಬಹುದು, ಆದರೆ ಸೆಂಚಾಕ್ಕೆ ಆಗದು. ಬೈಕಾರ್ಬೊನೇಟ್‌ನಿಂದಾದ ಗಡಸುತನವಾದರೆ ಸ್ವಲ್ಪ ಹೊತ್ತು ಕುದಿಸಿ, ಆರಿಸಿ, ತಳದ ಬಿಳಿ ಗಷ್ಟನ್ನು ಬಿಟ್ಟು ಮೇಲಿನ ತಿಳಿ ಬಸಿದುಕೊಂಡರೆ ಗಡಸುತನ ಇಳಿಯುತ್ತದೆ.

ರುಚಿಗೆ ಸಿಗದ ಫ್ಲೋರೈಡ್

ಈಗ ಹೆಚ್ಚು ಗಂಭೀರವಾದ ವಿಷಯ. ರಾಯಚೂರು ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳಲ್ಲೊಂದು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಗರಿಷ್ಠ 1.5. ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದ ಹಲವು ಕೊಳವೆ ಬಾವಿಗಳಲ್ಲಿ ಈ ಮಿತಿ ಮೀರಿದ್ದುಂಟು. ಒಂದೇ ಊರಿನ ಎರಡು ಬಾವಿಗಳ ನಡುವೆಯೂ ವ್ಯತ್ಯಾಸವಿರುತ್ತದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆಗಳು ಬರುತ್ತವೆ. ಅವು ಮತ್ತೆ ಹೋಗುವುದಿಲ್ಲ. ವರ್ಷಗಟ್ಟಲೆ ಹೆಚ್ಚಿನ ಪ್ರಮಾಣ ಸೇರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಇಲ್ಲಿ ಒಂದು ಮೋಸವಿದೆ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುವ ಲವಣ. ಅದರ ದ್ರಾವ್ಯತಾ ಗುಣಲಬ್ಧ 25 ಡಿಗ್ರಿಯಲ್ಲಿ ಸುಮಾರು 3.45×10⁻¹¹. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 40 ಮಿಲಿಗ್ರಾಂ ಇದ್ದರೆ ಫ್ಲೋರೈಡ್ ಸುಮಾರು 3.5 ಮಿಲಿಗ್ರಾಂ ದಾಟಲಾರದು. ಕ್ಯಾಲ್ಸಿಯಂ 10 ಮಿಲಿಗ್ರಾಂಗೆ ಇಳಿದರೆ ಫ್ಲೋರೈಡ್ ಸುಮಾರು 7ರ ವರೆಗೆ ಏರಬಹುದು. ಪದವಿಪೂರ್ವ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಅಂದರೆ ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ, ಸಾಬೂನು ಚೆನ್ನಾಗಿ ನೊರೆ ಬರುವ ‘ಸವಿ’ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆ ಹೆಚ್ಚು. ಗಡಸು ನೀರು ಸುರಕ್ಷಿತವೆಂದೂ ಅಲ್ಲ, ಏಕೆಂದರೆ 3.5 ಕೂಡ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ನಾಲಿಗೆ ಇಲ್ಲಿ ಸಾಕ್ಷಿಯಾಗಲಾರದು.

ಚಹಾ ಗಿಡ ಆಮ್ಲೀಯ ಮಣ್ಣಿನಿಂದ ಅಲ್ಯುಮಿನಿಯಂ ಮತ್ತು ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುವ ಗಿಡ. ಎಲೆ ಗಿಡದ ಮೇಲೆ ಹೆಚ್ಚು ದಿನ ಇದ್ದಷ್ಟೂ ಸಂಗ್ರಹ ಹೆಚ್ಚು. ಚಿಗುರಿನಲ್ಲಿ ಕಡಿಮೆ, ಬಲಿತ ಎಲೆಯಲ್ಲಿ ಹಲವು ಪಟ್ಟು. ಟಿಬೆಟ್ ಮತ್ತು ಪಶ್ಚಿಮ ಚೀನಾದಲ್ಲಿ ಬಲಿತ ಎಲೆ, ಕಡ್ಡಿಗಳನ್ನು ಒತ್ತಿ ಮಾಡಿದ ಇಟ್ಟಿಗೆ ಚಹಾವನ್ನು ದಿನವಿಡೀ ಕುಡಿಯುವವರಲ್ಲಿ ಫ್ಲೋರೋಸಿಸ್ ಕಂಡುಬಂದಿರುವುದು ವೈದ್ಯಕೀಯ ದಾಖಲೆಗಳಲ್ಲಿದೆ. ಹಾಗಾಗಿ ಎಲೆಯ ವಯಸ್ಸು ರುಚಿಯ ಮಾತಷ್ಟೇ ಅಲ್ಲ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಕಪ್ಪಿಗೆ 2 ಗ್ರಾಂ ಎಲೆ, 150 ಮಿಲಿಲೀಟರ್ ನೀರು. ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆಯೆನ್ನಿ. ನೀರಿನಿಂದ ಬರುವುದು 0.3 ಮಿಲಿಗ್ರಾಂ. ಎಳೆ ಎಲೆಯಲ್ಲಿ ಕಿಲೋಗ್ರಾಮಿಗೆ 100 ಮಿಲಿಗ್ರಾಂ ಇದ್ದರೆ ಎಲೆಯಿಂದ ಗರಿಷ್ಠ 0.2, ಬಲಿತ ಎಲೆಯಲ್ಲಿ 400 ಇದ್ದರೆ ಗರಿಷ್ಠ 0.8. ದಿನಕ್ಕೆ 3 ಕಪ್ಪು ಕುಡಿದರೆ ಎಳೆ ಎಲೆಯ ಚಹಾದಿಂದ ಒಟ್ಟು 1.5, ಬಲಿತ ಎಲೆಯದರಿಂದ 3.3 ಮಿಲಿಗ್ರಾಂ. ಇದಲ್ಲದೆ ಅದೇ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ 4 ಮಿಲಿಗ್ರಾಂ. ಅನ್ನ, ಬೇಳೆ ಬೇಯಿಸುವುದೂ ಅದೇ ನೀರಿನಲ್ಲೇ.

ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟ. ಒಂದು, ಮೊದಲು ಸರಿಪಡಿಸಬೇಕಾದದ್ದು ನೀರನ್ನು. ಎರಡು, ಫ್ಲೋರೈಡ್ ಇರುವ ಊರಿನಲ್ಲಿ ಅಗ್ಗದ, ಕಡ್ಡಿ ತುಂಬಿದ ಚಹಾವನ್ನು, ಅದು ಹಸಿರಾಗಲಿ ಕಪ್ಪಾಗಲಿ, ಹೆಚ್ಚು ಕುಡಿಯುವುದು ಹೊರೆಯ ಮೇಲೆ ಹೊರೆ. ಅಮೆರಿಕದ ವೈದ್ಯಕೀಯ ತಜ್ಞರ ಮಂಡಳಿ 1997ರಲ್ಲಿ 4ರಿಂದ 8 ವರ್ಷದ ಮಕ್ಕಳಿಗೆ ನಿಗದಿಪಡಿಸಿದ ಗರಿಷ್ಠ ಮಿತಿ ದಿನಕ್ಕೆ 2.2 ಮಿಲಿಗ್ರಾಂ. ಮೇಲಿನ ನೀರನ್ನು ಒಂದು ಲೀಟರಿನಷ್ಟು ಕುಡಿದ ಮಗು ಆಗಲೇ 2 ಮಿಲಿಗ್ರಾಂ ಮುಟ್ಟಿರುತ್ತದೆ. ಅದಕ್ಕೆ ಚಹಾ ಯಾವ ಬಗೆಯದೂ ಬೇಡ. ಊಟದ ಜೊತೆಗಿನ ಚಹಾ ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನೂ ತಡೆಯುತ್ತದೆ ಎಂಬುದನ್ನು ರಕ್ತಹೀನತೆ ಇರುವವರು ನೆನಪಿಡಬೇಕು.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಆವಿಯಾಗುವುದು ನೀರು ಮಾತ್ರ. ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಸಾಮಾನ್ಯ ಮೇಣದಬತ್ತಿ ಫಿಲ್ಟರ್ ಬಳಸಿದರೂ ಹೋಗುವುದಿಲ್ಲ. ಸುಣ್ಣ ಮತ್ತು ಪಟಿಕ ಬಳಸುವ ನಲ್ಗೊಂಡ ವಿಧಾನ, ಸಕ್ರಿಯ ಅಲ್ಯುಮಿನಾ, ರಿವರ್ಸ್ ಆಸ್ಮಾಸಿಸ್ ಇವು ಪರಿಣಾಮಕಾರಿ. ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿನ ನೀರು ಖನಿಜ ಕಡಿಮೆಯಾದ ಮೃದು ನೀರು. ಸೆಂಚಾದ ಹಸಿರು ಬಣ್ಣ ಉಳಿಯುವುದೂ ಅದರಲ್ಲೇ. ಮಳೆಗಾಲದಲ್ಲಿ ಶುಚಿಯಾದ ಮಾಳಿಗೆಯಿಂದ ಹಿಡಿದು, ಸೋಸಿ ಕುದಿಸಿದ ಮಳೆ ನೀರೂ ಅಂಥದೇ.

ಮಾಡಿ ನೋಡಿ

1. ಮೂರು ನೀರು, ಒಂದೇ ಎಲೆ: ಕೊಳವೆ ಬಾವಿ ನೀರು, ಕಾಲುವೆಯಿಂದ ಬರುವ ನಲ್ಲಿ ನೀರು, ಶುದ್ಧ ನೀರಿನ ಘಟಕದ ನೀರು. ಮೂರನ್ನೂ ಕುದಿಸಿ, 80 ಡಿಗ್ರಿಗೆ ಆರಿಸಿ, ಒಂದೇ ತೂಕದ ಹಸಿರು ಚಹಾವನ್ನು 2 ನಿಮಿಷ ನೆನೆಸಿ ಗಾಜಿನ ಲೋಟಗಳಿಗೆ ಸೋಸಿ. ಕೂಡಲೇ ಒಮ್ಮೆ, ಅರ್ಧ ಗಂಟೆಯ ನಂತರ ಒಮ್ಮೆ ಬಣ್ಣ ಮತ್ತು ಪೊರೆಯನ್ನು ಬರೆದುಕೊಳ್ಳಿ.

2. ಆಮ್ಲ ಮತ್ತು ಕ್ಷಾರ: ಒಂದು ಲೋಟ ಹಸಿರು ಚಹಾಕ್ಕೆ ಚಿಟಿಕೆ ಅಡುಗೆ ಸೋಡಾ, ಇನ್ನೊಂದಕ್ಕೆ ನಾಲ್ಕು ಹನಿ ನಿಂಬೆರಸ ಹಾಕಿ. ಮೊದಲನೆಯದು ಕಂದಾಗುವುದೂ ಎರಡನೆಯದು ತಿಳಿಯಾಗುವುದೂ ಮೇಲೆ ಹೇಳಿದ ಪಿಎಚ್ ಪರಿಣಾಮವನ್ನು ಕಣ್ಣಿಗೆ ತೋರಿಸುತ್ತವೆ.

3. ಉಷ್ಣತೆ: ಒಂದೇ ನೀರಿನಲ್ಲಿ 60, 80, 100 ಡಿಗ್ರಿಗಳಲ್ಲಿ ಚಹಾ ಮಾಡಿ. ರುಚಿ ನೋಡುವವರಿಗೆ ಯಾವ ಲೋಟ ಯಾವುದೆಂದು ಹೇಳಬೇಡಿ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಪ್ರಯೋಗಾಲಯದ ಪಾತ್ರೆಗಳು ಬೇಡ.

4. ಫ್ಲೋರೈಡ್: ಇದನ್ನು ಚಹಾದಲ್ಲಲ್ಲ, ನೀರಿನಲ್ಲಿ ಅಳೆಯಬೇಕು. ಬಣ್ಣ ನೋಡಿ ಅಳೆಯುವ ಕಿಟ್‌ಗೆ ಚಹಾದ ಬಣ್ಣ ಅಡ್ಡಿಯಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಇದ್ದರೆ ಕೇಳಿ ಪಡೆಯಿರಿ. ಮಿತಿ ಮೀರಿದಂತೆ ಕಂಡರೆ ಮಾದರಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳಿ.

ಶಿಕ್ಷಕರು ನಾಲ್ಕನೆಯ ಪ್ರಯೋಗವನ್ನು ಒಂದು ದಿನದ ಪಾಠವಾಗಿ ಮುಗಿಸದೆ, ಶಾಲೆಗೆ ಮಕ್ಕಳು ಬರುವ ಪ್ರತಿ ಓಣಿಯ ನೀರಿನ ಮೂಲವನ್ನೂ ಪರೀಕ್ಷಿಸಿ ಊರಿನ ನಕ್ಷೆಯ ಮೇಲೆ ಗುರುತಿಸುವ ವರ್ಷದ ಯೋಜನೆಯಾಗಿ ಮಾಡಬಹುದು. ಬೇಸಿಗೆಗೆ ಮೊದಲು ಒಮ್ಮೆ, ಮಳೆಗಾಲದ ನಂತರ ಒಮ್ಮೆ ಅಳೆದರೆ ಋತುವಿನ ವ್ಯತ್ಯಾಸವೂ ತಿಳಿಯುತ್ತದೆ. ಯಾವ ಬಾವಿಯ ನೀರು ಕುಡಿಯಲು, ಯಾವುದು ಬಟ್ಟೆ ಒಗೆಯಲು ಎಂದು ಊರವರು ತೀರ್ಮಾನಿಸಲು ಆ ನಕ್ಷೆ ನೆರವಾಗುತ್ತದೆ.

ಒಳ್ಳೆಯ ಹಸಿರು ಚಹಾ ಎಂದರೆ ಎಳೆಯ ಎಲೆ, ಸಕಾಲದ ಹಬೆ, ಹದವಾದ ಬಿಸಿ, ಮೃದುವಾದ ನೀರು. ಮೊದಲ ಎರಡು ಜಪಾನಿನ ಬೆಳೆಗಾರನ ಕೈಯಲ್ಲಿವೆ. ಉಳಿದೆರಡು ನಮ್ಮ ಕೈಯಲ್ಲಿ. ಮುಂದಿನ ಸಲ ನಿಮ್ಮ ಲೋಟದ ಹಸಿರು ಚಹಾ ಕಂದಾದರೆ ಎಲೆಯನ್ನು ದೂರುವ ಮೊದಲು ನೀರನ್ನು ಪರೀಕ್ಷೆಗೆ ಕೊಡಿ. ಕಂದಾಗದೆ ತಿಳಿ ಹಸಿರಾಗಿಯೇ ಉಳಿದರೂ ಕೊಡಿ.